ಹೊಸದು ಹೆಚ್ಚು ಒಳ್ಳೆಯದು, ಆದರೆ ಯಾತಕ್ಕೆ?



ಕೈಯಲ್ಲಿರುವ ವಸ್ತು ಕೆಟ್ಟಿಲ್ಲ. ಅದರ ಹೊಸ ಮಾದರಿ ಅಂಗಡಿಗೆ ಬಂದಿದೆ. ಹಳೆಯದನ್ನು ಬದಿಗಿಟ್ಟು ಹೊಸದನ್ನು ಕೊಳ್ಳುವುದು ತಪ್ಪೇ? ಹೊಸದಾಗಿ ಸಂಬಳ ಕಾಣುತ್ತಿರುವ ಮಕ್ಕಳಿಗೂ ಹೆತ್ತವರಿಗೂ ನಡುವೆ ಈ ಪ್ರಶ್ನೆ ಆಗಾಗ ಏಳುತ್ತದೆ. ಹೆತ್ತವರು "ದುಂದುವೆಚ್ಚ" ಎನ್ನುತ್ತಾರೆ. ಮಕ್ಕಳು "ನನ್ನ ದುಡಿಮೆ" ಎನ್ನುತ್ತಾರೆ. ಈ ಎರಡು ಮಾತುಗಳೂ ಪ್ರಶ್ನೆಯ ಬಾಯಿ ಮುಚ್ಚಿಸುತ್ತವೆ, ಉತ್ತರ ಕೊಡುವುದಿಲ್ಲ. ಆದ್ದರಿಂದ ಒಂದೇ ಒಂದು ವಸ್ತುವನ್ನು, ಯುವಜನರು ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನನ್ನು, ಎದುರಿಗಿಟ್ಟುಕೊಂಡು ಸಾವಧಾನವಾಗಿ ಯೋಚಿಸೋಣ.

ಮೊದಲು ವಸ್ತುವಿಗೆ ನ್ಯಾಯ ಸಲ್ಲಿಸೋಣ. ಸೋನಿ ಕಂಪನಿ 2020ರಲ್ಲಿ ಡಬ್ಲ್ಯೂಎಚ್-1000ಎಕ್ಸ್‌ಎಂ4 ಎಂಬ ಹೆಡ್‌ಫೋನನ್ನೂ 2022ರಲ್ಲಿ ಅದರ ಮುಂದಿನ ಎಕ್ಸ್‌ಎಂ5 ಮಾದರಿಯನ್ನೂ ಹೊರತಂದಿತು. ಇವು ಹೊರಗಿನ ಗದ್ದಲವನ್ನು ತಡೆಯುವ ಯಂತ್ರಗಳು. ಪುಟ್ಟ ಮೈಕ್ರೋಫೋನುಗಳು ಹೊರಗಿನ ಶಬ್ದವನ್ನು ಹಿಡಿಯುತ್ತವೆ. ಒಳಗಿನ ಯಂತ್ರ ಅದಕ್ಕೆ ತದ್ವಿರುದ್ಧವಾದ ಅಲೆಯನ್ನು ಹುಟ್ಟಿಸುತ್ತದೆ. ಎರಡೂ ಸೇರಿ ಶಬ್ದ ಅಡಗುತ್ತದೆ. ಈ ಕೆಲಸಕ್ಕೆ ಹಳೆಯದರಲ್ಲಿ 4 ಮೈಕ್ರೋಫೋನುಗಳಿದ್ದರೆ ಹೊಸದರಲ್ಲಿ 8. ತಡೆಯುವ ಶಕ್ತಿ ನಿಜವಾಗಿಯೂ ಹೆಚ್ಚಿದೆ. ಆದರೆ ಗದ್ದಲ ತಡೆಯುತ್ತಾ ಕೇಳುವಾಗ ಬ್ಯಾಟರಿ ಬಾಳುವ ಕಾಲ ಎರಡರಲ್ಲೂ 30 ಗಂಟೆ. ತೂಕ ಹಳೆಯದು 254 ಗ್ರಾಂ, ಹೊಸದು 250 ಗ್ರಾಂ. ಇನ್ನೂ ಒಂದು ಮಾತು: ಹಳೆಯದನ್ನು ಮಡಚಿ ಚೀಲಕ್ಕೆ ಹಾಕಬಹುದಿತ್ತು, ಹೊಸದು ಮಡಚುವುದಿಲ್ಲ. 2025ರಲ್ಲಿ ಬಂದ ಎಕ್ಸ್‌ಎಂ6 ಮತ್ತೆ ಮಡಚುತ್ತದೆ! ಕಳೆದುಕೊಂಡದ್ದೇ ಹೊಸತನವಾಗಿ ಮರಳಿ ಬಂತು.

ಗದ್ದಲ ತಡೆಯುವುದರಲ್ಲಿ ಒಂದು ಸದ್ಗುಣವೂ ಉಂಟು. 80 ಡೆಸಿಬೆಲ್ ಶಬ್ದವನ್ನು ವಾರಕ್ಕೆ 40 ಗಂಟೆಯವರೆಗೆ ಕೇಳಬಹುದು, 90 ಡೆಸಿಬೆಲ್ ಆದರೆ 4 ಗಂಟೆ ಮಾತ್ರ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಸ್ಸಿನ ಇಂಜಿನ್ ಮೊರೆಯುವಾಗ ಅದನ್ನು ಮೀರಿಸಲು ನಾವು ಹಾಡಿನ ಸದ್ದನ್ನು ಏರಿಸುತ್ತೇವೆ. ಮೊರೆತ ಅಡಗಿದರೆ ಸಣ್ಣ ಸದ್ದಿನಲ್ಲೇ ಕೇಳಬಹುದು. ಕಿವಿಯೂ ದೇವರ ದಾನವೇ. ಅದನ್ನು ಕಾಪಾಡುವುದು ಕರ್ತವ್ಯ. ಆದ್ದರಿಂದ ಇಂಥ ಸಾಧನವನ್ನು ಕೊಂಡವರೆಲ್ಲ ಆಡಂಬರದವರು ಎಂದು ಯಾರೂ ತೀರ್ಪು ಕೊಡದಿರಲಿ.

ಹಾಗಾದರೆ ತೊಡಕು ಎಲ್ಲಿದೆ? ಹೋಲಿಕೆಯಲ್ಲಿದೆ. ಎರಡು ವಸ್ತುಗಳನ್ನು ಪಕ್ಕಪಕ್ಕ ಇಟ್ಟು "ಯಾವುದು ಮೇಲು?" ಎಂದು ಕೇಳಿದರೆ ಹೆಚ್ಚಾಗಿ ಹೊಸದೇ ಗೆಲ್ಲುತ್ತದೆ. ಆದರೆ "ನನ್ನ ಕೆಲಸಕ್ಕೆ ಹಳೆಯದು ಸಾಲುವುದಿಲ್ಲವೇ?" ಎಂಬುದು ಬೇರೆಯೇ ಪ್ರಶ್ನೆ. ಮೊದಲನೆಯದು ವಸ್ತುವನ್ನು ಕುರಿತದ್ದು, ಎರಡನೆಯದು ನನ್ನನ್ನು ಕುರಿತದ್ದು. ಸಾಧನದ ಒಳ್ಳೆಯತನವನ್ನು ಅದರ ಗುರಿಯಿಂದ ಅಳೆಯಬೇಕೆಂದು ತತ್ವಶಾಸ್ತ್ರ ಕಲಿಸುತ್ತದೆ. ಕುಡುಗೋಲು ಇರುವುದು ಬೆಳೆ ಕೊಯ್ಯಲು. ಬೆಳೆ ಕೊಯ್ಯುವವರೆಗೆ ಅದು ಒಳ್ಳೆಯ ಕುಡುಗೋಲೇ. ಪಕ್ಕದ ಹೊಲದವನು ಹೊಸದನ್ನು ತಂದನೆಂದು ನಮ್ಮದು ಮೊಂಡಾಗುವುದಿಲ್ಲ. ಸಂತ ತೋಮಸ್ ಅಕ್ವಿನಾಸರು ಇದನ್ನು ಇನ್ನೂ ಆಳವಾಗಿ ನೋಡಿದರು. ಅನ್ನ, ನೀರು, ಬಟ್ಟೆಯಂಥ ಸಹಜ ಅಗತ್ಯಗಳ ಆಸೆಗೆ ಒಂದು ಮಿತಿಯುಂಟು; ಹೊಟ್ಟೆ ತುಂಬಿದರೆ ಸಾಕೆನಿಸುತ್ತದೆ. ಮನುಷ್ಯ ತಾನೇ ಕಲ್ಪಿಸಿಕೊಂಡ ಸಂಪತ್ತಿನ ಆಸೆಗೆ ಮಿತಿಯಿಲ್ಲ ಎಂದರು ಅವರು. ಕಿವಿಗೆ ಸಾಕೆನಿಸುವ ಗಡಿಯುಂಟು. ಹೋಲಿಕೆಗೆ ಅಂಥ ಗಡಿಯಿಲ್ಲ. ಐದನೆಯದರ ಹಿಂದೆ ಆರನೆಯದು ಬಂದೇ ಬರುತ್ತದೆ.

ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಮಗನ ಹೆಡ್‌ಫೋನು ಚೆನ್ನಾಗಿಯೇ ಇದೆ. ಆದರೂ ಮತ್ತೊಂದಕ್ಕೆ ಮೂವತ್ತು ಸಾವಿರದ ಆಸುಪಾಸಿನ ಹಣ ಸಿದ್ಧವಾಗಿದೆ. ಅದೇ ಮನೆಯ ಮೂಲೆಯಲ್ಲಿ ಅಜ್ಜನಿಗೆ ಕಿವಿ ಮಂದವಾಗಿದೆ. ಶ್ರವಣಸಾಧನ ಕೊಡಿಸುವ ಮಾತು ಎರಡು ವರ್ಷದಿಂದ ಮುಂದೂಡುತ್ತಾ ಬಂದಿದೆ. ಒಬ್ಬರಿಗೆ ಬೇಡದ್ದು ಕೇಳಿಸದಿರಲು ಹಣವುಂಟು, ಇನ್ನೊಬ್ಬರಿಗೆ ಬೇಕಾದದ್ದು ಕೇಳಿಸಲು ಹಣವಿಲ್ಲ. ಇಲ್ಲಿ ಯಾರೂ ಕಳ್ಳತನ ಮಾಡಿಲ್ಲ, ಸುಳ್ಳು ಹೇಳಿಲ್ಲ. ಆದರೂ ಏನೋ ತಪ್ಪಿದೆ ಎಂದು ನಿಮ್ಮ ಅಂತಃಕರಣ ಹೇಳುತ್ತಿಲ್ಲವೇ?

ಇದೇ ಕಂಪನಿಯ ಹಳೆಯ ಕಥೆಯೊಂದು ಇಲ್ಲಿ ನೆನಪಾಗುತ್ತದೆ. 1979ರಲ್ಲಿ ಜಪಾನಿನಲ್ಲಿ ಮೊದಲ ವಾಕ್‌ಮನ್ ಮಾರಾಟಕ್ಕೆ ಬಂದಾಗ ಅದರಲ್ಲಿ ಹೆಡ್‌ಫೋನ್ ಸಿಕ್ಕಿಸಲು ಎರಡು ತೂತುಗಳಿದ್ದವು. ಒಬ್ಬರೇ ಕೇಳುತ್ತಾ ಕೂತರೆ ಜೊತೆಯಲ್ಲಿರುವವರಿಗೆ ಅಗೌರವವಾದೀತು ಎಂದು ಕಂಪನಿಯ ಮುಖ್ಯಸ್ಥ ಅಕಿಯೊ ಮೊರಿಟಾ ಯೋಚಿಸಿದ್ದರು. ಗುಂಡಿಯೊಂದನ್ನು ಒತ್ತಿದರೆ ಹಾಡು ತಗ್ಗಿ, ಪಕ್ಕದವರ ಮಾತು ಮೈಕ್ರೋಫೋನಿನ ಮೂಲಕ ಕೇಳಿಸುತ್ತಿತ್ತು. ಆದರೆ ಜನ ತಮ್ಮ ತಮ್ಮ ಯಂತ್ರವನ್ನು ತಾವೇ ಕೇಳಬಯಸಿದರು. ಕಾಲಕ್ರಮದಲ್ಲಿ ಎರಡನೆಯ ತೂತು ಮಾಯವಾಯಿತು. ಮುಂದಿನ ಮಾದರಿಗಳು ಹಗುರಾದವು, ಚಿಕ್ಕವಾದವು, ಉತ್ತಮವಾದವು. ಹೋದದ್ದು ಪಕ್ಕದವರ ಸ್ಥಳ. ಇಂದಿನ ಹೆಡ್‌ಫೋನಿನಲ್ಲೂ ಬಲಗಿವಿಯ ಮೇಲೆ ಅಂಗೈ ಇಟ್ಟರೆ ಹಾಡು ತಗ್ಗಿ ಎದುರಿನವರ ಮಾತು ಕೇಳಿಸುತ್ತದೆ. ಸೌಲಭ್ಯವೇನೋ ಇದೆ, ಅಮ್ಮ ಕರೆದಾಗ ಅಂಗೈ ಎತ್ತುವ ಮನಸ್ಸನ್ನು ಯಾವ ಕಾರ್ಖಾನೆಯೂ ಮಾಡಿಕೊಡಲಾರದು.

"ಮನೆಯಲ್ಲಿ ಗದ್ದಲ, ಓದುವುದು ಹೇಗೆ?" ಎಂದು ಮಕ್ಕಳು ಕೇಳುವುದೂ ನ್ಯಾಯವೇ. ವಿಜಯಪುರದ ಜೋರಾಪುರ ಪೇಟೆಯಂಥ ಹಳೆಯ ಪೇಟೆಯಲ್ಲಿ ಮೌನ ಸುಲಭವಾಗಿ ಸಿಗುವುದಿಲ್ಲ. ಆದರೆ ಅದೇ ಊರಿನ ಗೋಳಗುಮ್ಮಟ ನಮಗೊಂದು ಪಾಠ ಹೇಳುತ್ತದೆ. 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್‌ಶಾಹನ ಆ ಸಮಾಧಿಯ ಗುಮ್ಮಟದೊಳಗಿನ ಪಡಸಾಲೆಯಲ್ಲಿ ಒಂದು ಬದಿ ಪಿಸುಗುಟ್ಟಿದರೆ ಎದುರು ಬದಿಯಲ್ಲಿ ಕಿವಿಯಿಟ್ಟವರಿಗೆ ಕೇಳಿಸುತ್ತದೆ. ಎಲ್ಲರೂ ಕೂಗಾಡುತ್ತಿದ್ದರೆ ಏನೂ ಕೇಳಿಸದು. ಉಳಿದವರು ಬಾಯಿ ಮುಚ್ಚಿದರೆ ಮಾತ್ರ ಆ ಪಿಸುಮಾತು ದಾಟುತ್ತದೆ. ಅಲ್ಲಿನ ಮೌನ ಒಬ್ಬರು ಇನ್ನೊಬ್ಬರಿಗೆ ಕೊಡುವ ದಾನ. ಮಗಳ ಪರೀಕ್ಷೆಯೆಂದು ಅಪ್ಪ ಟಿವಿಯ ಸದ್ದು ತಗ್ಗಿಸಿದರೆ ಅದೂ ಅಂಥ ದಾನವೇ. ಹಣ ಕೊಟ್ಟು ಕೊಂಡ ಮೌನ ಒಬ್ಬರ ಕಿವಿಗಷ್ಟೇ. ಕೊಟ್ಟ ಮೌನ ಇಡೀ ಮನೆಗೆ.

ಆದ್ದರಿಂದ, ಪ್ರಿಯರೇ, ಹೊಸದನ್ನು ಕೊಳ್ಳುವ ಮುಂಚೆ ಮೂರು ಪ್ರಶ್ನೆಗಳನ್ನು ಮನೆಯವರೆಲ್ಲ ಕೂತು ಕೇಳಿಕೊಳ್ಳಿ. ಹಳೆಯದು ಯಾವ ಕೆಲಸವನ್ನು ಮಾಡಲಾರದಾಗಿದೆ? ಕಿವಿಯ ಮೆತ್ತೆ ಹರಿದಿದ್ದರೆ ಮೆತ್ತೆ ಬದಲಿಸಿದರೆ ಸಾಕು. ಬ್ಯಾಟರಿ ಸೋತು ಗಂಟೆಯೂ ನಿಲ್ಲದಿದ್ದರೆ ಅದು ನಿಜವಾದ ಕಾರಣ. ಎರಡನೆಯದು, ಈ ಹಣಕ್ಕಾಗಿ ಮನೆಯಲ್ಲಿ ಬೇರೆ ಯಾರ ಅಗತ್ಯ ಕಾಯುತ್ತಿದೆ? ಮೂರನೆಯದು, ಹಳೆಯದು ಎಲ್ಲಿಗೆ ಹೋಗುತ್ತದೆ? ಬಳಸಿ ಎಸೆಯುವ ಸಂಸ್ಕೃತಿಯನ್ನು ಕುರಿತು ಪೋಪ್ ಫ್ರಾನ್ಸಿಸರು 2015ರ ತಮ್ಮ ವಿಶ್ವಪತ್ರದಲ್ಲಿ ಎಚ್ಚರಿಸಿದ್ದರು. ಪೆಟ್ಟಿಗೆಯಲ್ಲಿ ಧೂಳು ತಿನ್ನುವುದರ ಬದಲು ಅದು ಬೇರೊಬ್ಬ ವಿದ್ಯಾರ್ಥಿಯ ಕಿವಿ ಸೇರಲಿ.

ಈ ಮೂರಕ್ಕೂ ನೆಮ್ಮದಿಯ ಉತ್ತರ ಸಿಕ್ಕಿದರೆ ಅಳುಕಿಲ್ಲದೆ ಕೊಳ್ಳಿರಿ, ಸಂತೋಷದಿಂದ ಕೇಳಿರಿ. ಸಿಗದಿದ್ದರೆ ಹಳೆಯದನ್ನೇ ಒರೆಸಿ ಹಾಕಿಕೊಳ್ಳಿರಿ; ನಿನ್ನೆಯವರೆಗೆ ಇಂಪಾಗಿದ್ದ ಹಾಡು ಇಂದೂ ಇಂಪಾಗಿಯೇ ಇರುತ್ತದೆ. ಯಾವ ಮಾದರಿಯಾದರೂ ಸರಿ, ದಿನಕ್ಕೊಮ್ಮೆ ಅದನ್ನು ತೆಗೆದಿಟ್ಟು ಅಜ್ಜನ ಪಕ್ಕದಲ್ಲಿ ಕೂತು ಎರಡು ಮಾತು ಕೇಳಿರಿ.