ಕಾಣದ ತಪ್ಪು, ಕಂಡ ತಪ್ಪು

ರಗ್ಬಿಯಲ್ಲಿ ಚೆಂಡನ್ನು ಎದೆಗವಚಿಕೊಂಡು ಮುಂದೆ ಓಡಬಹುದು. ಆದರೆ ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ, ಕೈಜಾರಿ ಮುಂದಕ್ಕೆ ಬೀಳಿಸುವಂತೆಯೂ ಇಲ್ಲ. ಇಷ್ಟು ತಿಳಿದರೆ ಸಾಕು, ಇಂಗ್ಲೆಂಡಿನ ರೆಫರಿ ವೇಯ್ನ್ ಬಾರ್ನ್ಸ್ ಅವರ ಸಂಕಟ ನಮಗೂ ಅರ್ಥವಾಗುತ್ತದೆ.

2007ರ ಅಕ್ಟೋಬರ್ 6ರಂದು ಕಾರ್ಡಿಫ್‌ನಲ್ಲಿ ನ್ಯೂಜಿಲೆಂಡ್ ಮತ್ತು ಫ್ರಾನ್ಸ್ ನಡುವೆ ವಿಶ್ವಕಪ್ಪಿನ ಕ್ವಾರ್ಟರ್ ಫೈನಲ್. ಬಾರ್ನ್ಸ್‌ಗೆ ಆಗ 28 ವರ್ಷ. ಫ್ರಾನ್ಸಿನ ಗೆಲುವಿಗೆ ಕಾರಣವಾದ ಅಂಕ ಬರುವ ಮುನ್ನ ಚೆಂಡು ಮುಂದಕ್ಕೆ ಹೋಗಿತ್ತು. ಮನೆಯಲ್ಲಿ ಟೀವಿ ನೋಡುತ್ತಿದ್ದವರಿಗೆ ಅದು ಕಂಡಿತು, ಮೈದಾನದಲ್ಲಿದ್ದ ಬಾರ್ನ್ಸ್‌ಗೆ ಕಾಣಲಿಲ್ಲ. ಅಂಥ ಪಾಸನ್ನು ಮತ್ತೆ ನೋಡಿ ತಿದ್ದಲು ಅಂದಿನ ನಿಯಮದಲ್ಲಿ ಅವಕಾಶವೂ ಇರಲಿಲ್ಲ. 20–18ರಲ್ಲಿ ಸೋತು ನ್ಯೂಜಿಲೆಂಡ್ ಮನೆಗೆ ಹೋಯಿತು. ಬಾರ್ನ್ಸ್‌ಗೆ ಕೊಲೆ ಬೆದರಿಕೆಗಳು ಬಂದವು.

ಅವರು ವೃತ್ತಿಯಿಂದ ವಕೀಲರು. ನ್ಯಾಯಾಲಯದ ತೀರ್ಪಿಗೆ ಮೇಲ್ಮನವಿ ಇದೆ, ಸೀಟಿ ಊದಿದ ಮೇಲೆ ಏನಿದೆ? ಹದಿನಾರು ವರ್ಷ ಆ ಒಂದು ಪಾಸು ಅವರ ಹೆಸರಿಗೆ ಅಂಟಿಕೊಂಡೇ ಇತ್ತು.

2023ರ ಅಕ್ಟೋಬರ್ 28ರಂದು ಪ್ಯಾರಿಸ್ಸಿನಲ್ಲಿ ವಿಶ್ವಕಪ್ ಫೈನಲ್. ರೆಫರಿ ಅವರೇ, ಒಂದು ತಂಡ ಮತ್ತೆ ನ್ಯೂಜಿಲೆಂಡ್. ಆ್ಯರನ್ ಸ್ಮಿತ್ ಗೆರೆ ದಾಟಿ ಚೆಂಡು ಊರಿದರು. ಅಷ್ಟರಲ್ಲಿ ತೆರೆಯ ಮುಂದೆ ಕುಳಿತಿದ್ದ ಟಾಮ್ ಫೋಲಿ, ಅದಕ್ಕೂ ಮೊದಲೇ ನ್ಯೂಜಿಲೆಂಡಿನವರ ಕೈಜಾರಿ ಚೆಂಡು ಮುಂದಕ್ಕೆ ಬಿದ್ದಿದ್ದನ್ನು ತಿಳಿಸಿದರು. ಅಂಕ ರದ್ದಾಯಿತು. ಕೊನೆಗೆ ದಕ್ಷಿಣ ಆಫ್ರಿಕ 12–11ರಲ್ಲಿ ಗೆದ್ದಿತು.

ಕೈಜಾರಿದ್ದು ನಿಜ. ಆದರೆ ನಿಯಮದ ಪ್ರಕಾರ ಅಷ್ಟು ಹಿಂದಕ್ಕೆ ಹೋಗಿ ನೋಡುವಂತಿರಲಿಲ್ಲ ಎಂಬ ತಕರಾರು ಎದ್ದಿತು. ತಕರಾರಿನಲ್ಲಿ ಹುರುಳಿದೆ. ನಿಯಮವೆಂದರೆ ನಿಯಮವೇ ಅಲ್ಲವೇ? ಆದರೂ ನನ್ನ ಮನಸ್ಸು ಮತ್ತೆ ಮತ್ತೆ ಕಾರ್ಡಿಫ್‌ಗೇ ಹೋಗುತ್ತದೆ. ಅಲ್ಲಿ, ನಡೆದದ್ದನ್ನು ಯಾಕೆ ನೋಡಲಿಲ್ಲ ಎಂದು ಸಿಟ್ಟು. ಇಲ್ಲಿ, ನಡೆದದ್ದನ್ನು ಯಾಕೆ ನೋಡಿದಿರಿ ಎಂದು ಸಿಟ್ಟು. ಎರಡೂ ಸಲ ಸಿಟ್ಟಾದವರು ಒಂದೇ ತಂಡದ ಅಭಿಮಾನಿಗಳು. ಹಾಗಾದರೆ ಅವರು ಕೇಳುತ್ತಿದ್ದುದು ಸತ್ಯವನ್ನೋ, ಗೆಲುವನ್ನೋ? ಅವರನ್ನಷ್ಟೇ ಏಕೆ ಅನ್ನಲಿ. ಅಣ್ಣತಮ್ಮಂದಿರ ಆಸ್ತಿ ಪಂಚಾಯಿತಿಗೆ ಕೂತಾಗ ನಾನೂ ಹೀಗೆಯೇ ಒಮ್ಮೆ ಕಾಗದ ಪತ್ರ ಕೇಳಿದ್ದೇನೆ, ಇನ್ನೊಮ್ಮೆ ಕಾಗದವೇ ಎಲ್ಲವೂ ಅಲ್ಲ ಎಂದಿದ್ದೇನೆ.

ಆ ಫೈನಲ್ ಮುಗಿದ ಕೆಲವೇ ದಿನಗಳಲ್ಲಿ, 111 ಅಂತರರಾಷ್ಟ್ರೀಯ ಪಂದ್ಯಗಳ ನಂತರ, ಬಾರ್ನ್ಸ್ ನಿವೃತ್ತರಾದರು. ಬೈಗುಳ, ಬೆದರಿಕೆಗಳು ತೀರಾ ಮಾಮೂಲಾಗಿಬಿಟ್ಟಿವೆ ಎಂದು ಹೋಗುವಾಗ ಹೇಳಿದರು. ನಿಂದನೆ ತಾಳಲಾರದೆ ಫೋಲಿ ಕೂಡ ಅಂತರರಾಷ್ಟ್ರೀಯ ಪಂದ್ಯಗಳಿಂದ ದೂರ ಸರಿದರು.