ಕೆರೆಯ ಹೆಬ್ಬಾತುಗಳೂ ಹೊಲದ ಮೂಲೆಯೂ



ಹೋಗಿಬರುವ ಪಕ್ಷಿಗಳಿಗೆ ತಮ್ಮ ವೇಳೆ ಗೊತ್ತುಂಟು, ಜನರಿಗೋ ದೇವರ ವಿಧಿ ಗೊತ್ತಿಲ್ಲವೆಂದು ಪ್ರವಾದಿಯಾದ ಯೆರೆಮೀಯನು ತನ್ನ ಎಂಟನೆಯ ಅಧ್ಯಾಯದಲ್ಲಿ ದುಃಖಪಟ್ಟನಷ್ಟೆ. ಇದರ ನಿಜವನ್ನು ಕಾಣಲು ನಾವು ದೂರ ಹೋಗಬೇಕಾದದ್ದಿಲ್ಲ. ನವೆಂಬರ್ ತಿಂಗಳ ಸುಮಾರಿಗೆ ನಮ್ಮ ಸೀಮೆಯ ಕೆರೆಗಳಿಗೆ ಬಂದು, ಮಾರ್ಚಿಯಲ್ಲಿ ಹಿಂದಿರುಗುವ ಪಟ್ಟೆತಲೆಯ ಹೆಬ್ಬಾತುಗಳನ್ನು ಅನೇಕರು ಬಲ್ಲಿರಿ. ಮೈ ಬೂದು ಬಣ್ಣ. ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ಮಂಗೋಲಿಯದಲ್ಲಿ ಕೊರಳಿಗೆ ಗುರುತಿನ ಪಟ್ಟಿ ತೊಡಿಸಿಬಿಟ್ಟ ಬಾತುಗಳು ನಂಜನಗೂಡು ತಾಲೂಕಿನ ಹದಿನಾರು ಕೆರೆಯಲ್ಲಿ ಕಂಡುಬಂದಿರುವದರಿಂದ, ಇವು ಹಿಮಾಲಯವನ್ನು ದಾಟಿ ಬರುತ್ತವೆಂಬದರಲ್ಲಿ ಸಂಶಯವಿಲ್ಲ.

ಹಗಲಿನ ಹೆಚ್ಚು ಹೊತ್ತು ಅವು ನೀರಿನ ಮೇಲಾಗಲಿ ಬಯಲು ದಂಡೆಯಲ್ಲಾಗಲಿ ವಿಶ್ರಮಿಸಿಕೊಳ್ಳುತ್ತವೆ. ದೀಪ ಹಚ್ಚುವ ಹೊತ್ತಿಗೆ ಸಾಲುಗಟ್ಟಿ, ಕೂಗುತ್ತಾ, ನಮ್ಮ ಮನೆಗಳ ಮೇಲೆಯೇ ಹಾದು ಹೊಲಗಳಿಗಿಳಿದು, ರಾತ್ರಿಯಲ್ಲಿ ಮೇದು, ಬೆಳಗಾಗುವಾಗ ಕೆರೆಗೆ ಮರಳುತ್ತವೆ. ಬೆದರಿಸುವವರಿಲ್ಲದ ಕಡೆ ಹಗಲಲ್ಲಿಯೂ ದಂಡೆಯ ಹುಲ್ಲು ಮೇಯುವದುಂಟು. ಹುಲ್ಲು, ಕುಯ್ಲಿನಲ್ಲಿ ಉದುರಿದ ಕಾಳು, ಪೈರಿನ ಎಳೆ ಚಿಗುರು, ಇವೇ ಅವುಗಳ ಆಹಾರ. ಹಸುವಿನಂತೆ ಮೆಲುಕು ಹಾಕಲಾರದ ಈ ಪಕ್ಷಿಗೆ ಹುಲ್ಲು ಪೂರ್ತಿಯಾಗಿ ಅರಗದು. ಆದಕಾರಣ ಬಹಳ ಹೊತ್ತು ಮೇಯಬೇಕಾಗುತ್ತದೆ. ಮಂದೆಯು ಮೇಯುವಾಗ ಕೆಲವು ಕೊರಳೆತ್ತಿ ಕಾವಲಿರುತ್ತವೆ. ತಂದೆತಾಯಿಗಳು ಆ ವರುಷದ ಮರಿಗಳನ್ನು ಇಲ್ಲಿಯೂ ಜೊತೆಯಲ್ಲಿಯೇ ಇಟ್ಟುಕೊಳ್ಳುತ್ತವೆ. ಪಟ್ಟೆ ಇನ್ನೂ ಸರಿಯಾಗಿ ಮೂಡದ ತಲೆಗಳೇ ಆ ಮರಿಗಳು.

ಇಷ್ಟರ ಮಟ್ಟಿಗೆ ಎಲ್ಲರಿಗೂ ಸಂತೋಷವೇ. ಆದರೆ ಹೊಲವು ಯಾರದೋ ಅವನ ಸಂತೋಷ ಕೊಂಚ ಕಡಿಮೆ. ನನ್ನ ತುಂಡು ಹೊಲದ ಕಡಲೆಯ ಚಿಗುರನ್ನು ಅವು ಎರಡೇ ರಾತ್ರಿಗಳಲ್ಲಿ ಸವರಿಬಿಟ್ಟಾಗ, ಸಂಜೆಯ ಪ್ರಾರ್ಥನೆಯನ್ನು ನಾನು ಒಳ್ಳೇ ಮನಸ್ಸಿನಿಂದ ನಡಿಸಲಿಲ್ಲ. ಕಾಳಿಗೆ ವಿಷ ಬೆರಸಿ ಚೆಲ್ಲೋಣವೆಂದು ಸಭೆಯ ಸಹೋದರನೊಬ್ಬನು ಹೇಳಿದನು. ಉಪದೇಶಿಯಾದ ನಾನು ಕೂಡಲೇ ಬೇಡವೆನ್ನಲಿಲ್ಲ. ಇದನ್ನು ನಾಚಿಕೆಯಿಂದ ಬರೆಯುತ್ತೇನೆ.

ಆ ರಾತ್ರಿ ನಿದ್ರೆ ಬರಲಿಲ್ಲ; ನನ್ನ ಅಜ್ಜಿಯ ನೆನಪು ಬಂತು. ಪರರ ಹೊಲದ ಕುಯ್ಲು ಮುಗಿದ ಮೇಲೆ ಉದುರಿದ ರಾಗಿತೆನೆಗಳನ್ನು ಮಡಿಲಿಗೆ ಆರಿಸಿ ಆಕೆ ಮಕ್ಕಳನ್ನು ಸಾಕಿದಳು. ನಮ್ಮಲ್ಲಿ ಹಾಗೆ ಬದುಕಿದ ಮನೆಗಳು ಎಷ್ಟಿಲ್ಲ? ಹೊಲದ ಮೂಲೆಯನ್ನು ಪೂರ್ತಿಯಾಗಿ ಕೊಯ್ಯಬಾರದೆಂದು ಯಾಜಕಕಾಂಡದಲ್ಲಿ ವಿಧಿಸಿದ ದೇವರು, ವಿಮೋಚನಕಾಂಡದ 23ನೆಯ ಅಧ್ಯಾಯದಲ್ಲಿ, ಏಳನೆಯ ವರುಷ ಬೀಳುಬಿಟ್ಟ ಭೂಮಿಯಲ್ಲಿ ಬಡವರು ತಿಂದು ಉಳಿದದ್ದು ಕಾಡುಜೀವಿಗಳಿಗೆ ಸಲ್ಲಬೇಕೆಂದನು. ರೂತಳೂ ನನ್ನ ಅಜ್ಜಿಯೂ ಬಗ್ಗಿ ಆರಿಸಿದ ಅದೇ ಸಾಲಿನ ಕೊನೆಯಲ್ಲಿ ಇವುಗಳಿಗೂ ಸ್ಥಳವುಂಟು.

ಹಾಗಾದರೆ ಬೆಳೆಯನ್ನು ಕಾಯಬಾರದೋ? ಕಾಯಬಹುದು. ವಿಷವಿಡುವದೂ ಬಲೆ ಹಾಕುವದೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧವು. ಚೆಲ್ಲಿದ ವಿಷವು ನಮ್ಮ ಕೋಳಿಯನ್ನೂ ಕೂಸನ್ನೂ ಬೇರೆಯೆಂದು ತಿಳಿಯದು. ಅವುಗಳ ವೇಳೆ ನಮಗೆ ಗೊತ್ತಿರುವದರಿಂದ, ಮುಸ್ಸಂಜೆಯಲ್ಲಿಯೇ ಹೊಲಕ್ಕೆ ಹೋಗಿ ತಗಡು ಬಡಿದರೆ ಸಾಕು. ಕುಯ್ದ ಗದ್ದೆಯಲ್ಲಿ ಇಳಿದವುಗಳನ್ನು ಮಾತ್ರ ಎಬ್ಬಿಸಬೇಡಿರಿ.

ಮರುದಿನ ಆ ಸಹೋದರನೂ ನಾನೂ ಲಾಂದ್ರ ಹಿಡಿದು ಬದುವಿನ ಮೇಲೆ ಕೂತೆವು. ತಗಡಿನ ಸದ್ದಿಗೆ ಅವು ತಿರುಗಿಕೊಂಡು, ಕೆರೆಯಾಚೆಯ ಕುಯ್ದ ಭತ್ತದ ಗದ್ದೆಗೆ ಇಳಿದವು. ಉಳಿದ ಕಡಲೆ ಮತ್ತೆ ಚಿಗುರಿತು. ಆ ವರುಷ ನನಗೆ ಅರ್ಧ ಮೂಟೆ ಸಿಕ್ಕಿತು.