ಜಿಂಕೆಯೂ ಕೋಳಿಯೂ

ಚರ್ಮ ತೆಗೆದು ಬೇಯಿಸಿದ 100 ಗ್ರಾಂ ಕೋಳಿ ಎದೆಮಾಂಸದಲ್ಲಿ ಸುಮಾರು 31 ಗ್ರಾಂ ಪ್ರೋಟೀನ್. ಜಿಂಕೆಯದ್ದೂ ಹೆಚ್ಚುಕಮ್ಮಿ ಅಷ್ಟೇ. ಕೊಬ್ಬು ಎರಡರಲ್ಲೂ ಕಡಿಮೆ. ಜಿಮ್‌ಗೆ ಹೋಗೋರಿಗೆ ಎರಡೂ ಒಂದೇ. ವ್ಯತ್ಯಾಸ ಇರೋದು ಕಬ್ಬಿಣಾಂಶದಲ್ಲಿ: ಕೋಳಿಯಲ್ಲಿ ಸುಮಾರು 1 ಮಿಲಿಗ್ರಾಂ, ಜಿಂಕೆಯಲ್ಲಿ 4ಕ್ಕೂ ಮೇಲೆ.

ನ್ಯೂಜಿಲೆಂಡ್‌ನಲ್ಲಿರೋ ನನ್ನ ತಂಗಿಗೆ ಹಿಮೋಗ್ಲೋಬಿನ್ ಕಡಿಮೆ. "ಜಿಂಕೆ ತಿನ್ನಲಾ?" ಅಂತ ಕೇಳಿದಳು. ಲೆಕ್ಕ ಸ್ಪಷ್ಟ ಇದ್ರೂ ತಿನ್ನು ಅನ್ನೋಕೆ ನಾಲಿಗೆ ಏಳಲಿಲ್ಲ. ಯಾಕೆ? ನಮ್ಮಲ್ಲಿ 1972ರ ಕಾಯ್ದೆ ಜಿಂಕೆಯನ್ನು ಕಾಯುತ್ತೆ. ಕಾಯಲೇಬೇಕು, ಬಂಡೀಪುರದ ಹುಲಿಗೆ ಅದೇ ಊಟ.

ಆದರೆ ಅಲ್ಲಿ ಜಿಂಕೆಯೇ ಹೊರಗಿನದು. 19ನೇ ಶತಮಾನದಲ್ಲಿ ಬಿಳಿಯರು ಬೇಟೆಯ ಶೋಕಿಗೆ ಹಡಗಲ್ಲಿ ತಂದು ಬಿಟ್ಟರು. ಹಿಡಿಯೋಕೆ ಹುಲಿ ಇಲ್ಲ, ಚಿರತೆ ಇಲ್ಲ. ಕಾಡಿನ ಚಿಗುರೆಲ್ಲ ಮೇಯ್ದು, ಕೊನೆಗೆ ಸರ್ಕಾರವೇ ಸಂಬಳ ಕೊಟ್ಟು ಕೊಲ್ಲಿಸಬೇಕಾಯ್ತು. ಅಲ್ಲಿ ಜಿಂಕೆ ತಿನ್ನೋದು ಕಾಡಿಗೆ ಉಪಕಾರ ಅನ್ನೋರಿದ್ದಾರೆ. ಸುಳ್ಳಲ್ಲ.

ಇನ್ನು ಕೋಳಿ. ಬ್ರಾಯ್ಲರ್‌ನ ಆಯಸ್ಸು ಆರು ವಾರ, ಅದೂ ಶೆಡ್ಡಿನಲ್ಲಿ. ಒಂದು ಜಿಂಕೆಯಷ್ಟು ಮಾಂಸಕ್ಕೆ ಹತ್ತಾರು ಕೋಳಿ ಬೇಕು. ಅದಕ್ಕೆ ಯಾವತ್ತೂ ನನ್ನ ನಾಲಿಗೆ ತಡವರಿಸಿಲ್ಲ. ಜಿಂಕೆಗೆ ಚೆಂದದ ಕಣ್ಣಿದೆ, ಕಾವ್ಯದಲ್ಲಿ ಜಾಗ ಇದೆ. ಕೋಳಿಗೆ ಕಬಾಬಿನಲ್ಲಿ!

ಒಂದು ತೊಡಕು ಉಳಿಯಿತು. ಅಲ್ಲಿ ಅಂಗಡಿಯಲ್ಲಿ ಸಿಗೋದು ಹೆಚ್ಚಾಗಿ ಬೇಲಿಯೊಳಗೆ ಸಾಕಿದ ಜಿಂಕೆ. ಅದನ್ನು ತಿಂದರೆ ಯಾವ ಕಾಡೂ ಉಳಿಯಲ್ಲ. ಹಾಗಾಗಿ ತಂಗಿಗೆ ಹೇಳಿದ್ದಿಷ್ಟು: ಕಾಡಿನದ್ದು ಸಿಕ್ಕಿದ್ರೆ ತಗೋ, ಡಾಕ್ಟರ್ ಕೊಟ್ಟ ಮಾತ್ರೆ ಮಾತ್ರ ಬಿಡ್ಬೇಡ.